ಮಳೆಗಾಲದ ಮೊದಲು ಇಸ್ತ್ರಿ ಬೋರ್ಡಿಗೊಂದು ಹೊಸ ಗವಸು

ಕಳೆದ ಜೂನಿನಲ್ಲಿ ಮಗನ ಬಿಳಿ ಯೂನಿಫಾರ್ಮ್ ಅಂಗಿಯ ಬೆನ್ನಿನ ಮೇಲೆ ಕಂದು ಚುಕ್ಕಿಗಳ ಸಾಲು ಮೂಡಿತು. ಒಂದೇ ಗಾತ್ರ, ಒಂದೇ ಅಂತರ, ಅಚ್ಚು ಒತ್ತಿದ ಹಾಗೆ. ಎರಡು ಸಲ ಒಗೆದರೂ ಹೋಗಲಿಲ್ಲ. ಕೊನೆಗೆ ಇಸ್ತ್ರಿ ಬೋರ್ಡಿನ ಗವಸು ಎತ್ತಿ ನೋಡಿದೆ. ಒಳಗಿನ ಕಬ್ಬಿಣದ ಜಾಲರಿ ಪೂರ್ತಿ ತುಕ್ಕು ಹಿಡಿದಿತ್ತು. ಅದರ ಮೇಲಿದ್ದ ಸ್ಪಂಜು ಪುಡಿಪುಡಿಯಾಗಿತ್ತು. ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ರೆಡಿಮೇಡ್ ಗವಸಿನ ಅಡಿಭಾಗದಲ್ಲಿ ಕಪ್ಪು ಬೂಸ್ಟು ಹರಡಿತ್ತು. ತಂದು ಎರಡು ಮಳೆಗಾಲ ಕೂಡ ಆಗಿರಲಿಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ನಾವು ಇಸ್ತ್ರಿ ಮಾಡುವುದು ಸುಕ್ಕು ತೆಗೆಯಲು ಮಾತ್ರ ಅಲ್ಲ. ಅರೆಬರೆ ಒಣಗಿದ ಬಟ್ಟೆಯನ್ನು ಒಣಗಿಸಲಿಕ್ಕೂ ಅದೇ ದಾರಿ. ಆ ನೀರೆಲ್ಲ ಆವಿಯಾಗಿ ಕೆಳಗೆ ಇಳಿಯುತ್ತದೆ. ಗವಸು ಕುಡಿಯುತ್ತದೆ, ಅದರಡಿಯ ಒಳಹಾಸು ಕುಡಿಯುತ್ತದೆ, ಜಾಲರಿ ತುಕ್ಕು ಹಿಡಿಯುತ್ತದೆ. ಸಮುದ್ರದ ಉಪ್ಪುಗಾಳಿ ಬೇರೆ. ಹಾಗಾಗಿ ನಮ್ಮ ಊರಿನಲ್ಲಿ ಗವಸನ್ನು ಹಾಳು ಮಾಡುವುದು ಬಿಸಿಗಿಂತ ಜಾಸ್ತಿ ತೇವವೇ. ಇದು ತಲೆಯಲ್ಲಿದ್ದರೆ ಯಾವ ಬಟ್ಟೆ, ಯಾವ ಒಳಹಾಸು, ಹೇಗೆ ಕಟ್ಟಬೇಕು ಎಂಬುದೆಲ್ಲ ತಾನಾಗಿ ಗೊತ್ತಾಗುತ್ತದೆ. ಸುಲಭವಾಗಿ ಬಿಚ್ಚಬೇಕು, ಒಗೆಯಬೇಕು, ಬೇಗ ಒಣಗಬೇಕು.

ನೇರ ಹೊಲಿಗೆ ಹಾಕಲು ಬಂದರೆ ಸಾಕು, ಈ ಗವಸು ನಿಮ್ಮಿಂದ ಆಗುತ್ತದೆ. ಹೊಲಿಯಲು ಒಂದು ಮಧ್ಯಾಹ್ನ ಬೇಕು. ಅದಕ್ಕೆ ಮೊದಲು ಬಟ್ಟೆ ಒಗೆದು ಒಣಗಿಸಲು, ಬೋರ್ಡಿನ ತುಕ್ಕು ತೆಗೆಯಲು ಎರಡು ಮೂರು ದಿನ ಇಟ್ಟುಕೊಳ್ಳಿ. ಏಪ್ರಿಲ್ ಅಥವಾ ಮೇ ಒಳ್ಳೆಯ ಸಮಯ, ಬಿಸಿಲು ಸಿಗುತ್ತದೆ.

ಮೊದಲು ಬೋರ್ಡ್ ನೋಡಿ

ಹಳೆಯ ಗವಸು, ಸ್ಪಂಜು ಎಲ್ಲ ತೆಗೆದುಬಿಡಿ. ಹಳೆಯದರ ಮೇಲೆಯೇ ಹೊಸ ಗವಸು ಏರಿಸುವ ಆಸೆ ಬರುತ್ತದೆ, ದಯವಿಟ್ಟು ಬೇಡ. ತುಕ್ಕು, ಬೂಸ್ಟು ಎರಡೂ ಒಂದೇ ತಿಂಗಳಲ್ಲಿ ಹೊಸ ಬಟ್ಟೆಗೆ ದಾಟುತ್ತವೆ.

ಜಾಲರಿಯನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ತುಕ್ಕಿನ ಪುಡಿ ಹಾರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಗೇಟಿಗೆ, ಕಿಟಕಿ ಸರಳಿಗೆ ಹಚ್ಚುತ್ತೇವಲ್ಲ, ಅದೇ ರೆಡ್ ಆಕ್ಸೈಡ್ ಒಂದು ಕೋಟ್ ಬಳಿಯಿರಿ. ಅದು ಒಣಗಿದ ಮೇಲೆ ಎನಾಮಲ್ ಪೇಂಟ್ ಒಂದು ಕೋಟ್. ಜಾಲರಿಯ ತೂತುಗಳು ಮುಚ್ಚದ ಹಾಗೆ ತೆಳ್ಳಗೆ ಬಳಿಯಬೇಕು, ಯಾಕೆಂದರೆ ಆವಿ ಕೆಳಗೆ ಹೋಗುವ ದಾರಿ ಅದೇ. ಬಿಸಿಲಿನಲ್ಲಿ ಎರಡು ದಿನ ಬಿಡಿ. ಪೇಂಟ್ ವಾಸನೆ ಇರುವಾಗಲೇ ಒಳಹಾಸು ಹಾಕಿದರೆ ಮೊದಲ ಇಸ್ತ್ರಿಗೆ ಮನೆ ತುಂಬ ಅದೇ ವಾಸನೆ.

ನಿಮ್ಮ ಬೋರ್ಡಿನ ಮೇಲ್ಭಾಗ ಹಲಗೆಯದಾದರೆ ತುಕ್ಕಿನ ಚಿಂತೆ ಇಲ್ಲ. ಆದರೆ ಹಲಗೆ ತೇವ ಕುಡಿದು ಉಬ್ಬಿದೆಯೇ ಎಂದು ಕೈಯಾಡಿಸಿ ನೋಡಿ. ಉಬ್ಬಿದ್ದರೆ ಅಲ್ಲಿ ಮರಳು ಕಾಗದ ಉಜ್ಜಿ ಸಮ ಮಾಡಿ.

ಅಂಗಿಗೆ ಈಗಾಗಲೇ ತುಕ್ಕಿನ ಕಲೆ ಆಗಿದ್ದರೆ ಅದಕ್ಕೆ ಬ್ಲೀಚ್ ಹಾಕಬೇಡಿ. ಬ್ಲೀಚಿನಿಂದ ತುಕ್ಕಿನ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಹುಳಿ ಬೇಕು ಅದಕ್ಕೆ. ಲಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿ ಬಿಸಿಲಿಗೆ ಇಡಬಹುದು. ಹಿತ್ತಿಲಲ್ಲಿ ಬಿಂಬುಳಿ ಮರ ಇದ್ದವರಿಗೆ ಅದಕ್ಕಿಂತ ಒಳ್ಳೆಯ ಮದ್ದು ಕೈಗೆಟಕುವಲ್ಲೇ ಇದೆ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇರುತ್ತದೆ, ತುಕ್ಕನ್ನು ಕರಗಿಸುವ ಗುಣ ಅದರದ್ದು. ಒಂದು ಕಾಯಿ ಕತ್ತರಿಸಿ ಕಲೆಯ ಮೇಲೆ ಉಜ್ಜಿ, ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ. ಮಗನ ಅಂಗಿ ಮೂರನೇ ಸಲಕ್ಕೆ ಶುದ್ಧವಾಯಿತು. ಇದು ಬಿಳಿ ಹತ್ತಿ ಬಟ್ಟೆಗೆ ಮಾತ್ರ. ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಸ್ವಲ್ಪ ಪರೀಕ್ಷಿಸಿ ನೋಡಿ, ಹುಳಿಗೆ ಬಣ್ಣ ಮಾಸಬಹುದು.

ಯಾವ ಬಟ್ಟೆ

ನೂರಕ್ಕೆ ನೂರು ಹತ್ತಿ. ಇದರಲ್ಲಿ ರಾಜಿ ಇಲ್ಲ.

ಕಾರಣ ಹೇಳುತ್ತೇನೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಚುಕ್ಕಿಗಳ ಗುರುತು ಇರುತ್ತದಲ್ಲ, ಒಂದು ಚುಕ್ಕಿ ಎಂದರೆ ತಳದ ಬಿಸಿ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡು ಚುಕ್ಕಿಗೆ 150, ಮೂರು ಚುಕ್ಕಿಗೆ 200. ಹತ್ತಿ ಅಂಗಿ, ಮುಂಡಿಗೆ ನಾವು ಇಡುವುದು ಮೂರು ಚುಕ್ಕಿಗೆ. ನೈಲಾನಿನ ಒಂದು ಬಗೆ 220ರ ಆಸುಪಾಸಿನಲ್ಲೇ ಕರಗುತ್ತದೆ. ಪಾಲಿಯೆಸ್ಟರ್ ಕರಗಲು 250ರ ಮೇಲೆ ಬೇಕು, ಆದರೆ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ ಹೊಳೆಯತೊಡಗುತ್ತದೆ. ಅಂಗಿಯನ್ನಾದರೆ ನಾವು ಒಂದು ನಿಮಿಷ ಇಸ್ತ್ರಿ ಮಾಡಿ ತೆಗೆದಿಡುತ್ತೇವೆ. ಗವಸು ಗಂಟೆಗಟ್ಟಲೆ ಅದೇ ಬಿಸಿ ತಿನ್ನುತ್ತದೆ.

ಅಂಗಡಿಯಲ್ಲಿ “ಪ್ಯೂರ್ ಕಾಟನ್” ಎಂದು ಕೊಟ್ಟದ್ದೆಲ್ಲ ಹಾಗಿರುವುದಿಲ್ಲ. ಮನೆಗೆ ತಂದು ನಾಲ್ಕು ನೂಲು ಎಳೆದು ತೆಗೆದು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಮೆತ್ತಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಸೇರಿದ್ದರೆ ತುದಿಯಲ್ಲಿ ಗಟ್ಟಿ ಮಣಿಯಂಥದ್ದು ಉಳಿಯುತ್ತದೆ. ಹಾಸು ನೂಲು (ಉದ್ದಕ್ಕೆ ಬರುವುದು), ಹೊಕ್ಕು ನೂಲು (ಅಡ್ಡಕ್ಕೆ ಬರುವುದು) ಎರಡನ್ನೂ ಬೇರೆ ಬೇರೆ ಸುಟ್ಟು ನೋಡಿ. ಒಂದು ಹತ್ತಿ, ಇನ್ನೊಂದು ಪಾಲಿಯೆಸ್ಟರ್ ಇರುವ ಬಟ್ಟೆಯೂ ಬರುತ್ತದೆ.

ನನ್ನ ಆಯ್ಕೆ ಕಾಟನ್ ಡ್ರಿಲ್. ಪ್ಯಾಂಟಿಗೆ ಬರುವ, ಓರೆ ಗೆರೆಯ ನೇಯ್ಗೆಯ ದಪ್ಪ ಬಟ್ಟೆ ಅದು. ಎಷ್ಟು ಉಜ್ಜಿದರೂ ಬೇಗ ಸವೆಯುವುದಿಲ್ಲ, ಆವಿಯನ್ನೂ ತಡೆಯುವುದಿಲ್ಲ. ಮಂಗಳೂರಿನ ಹಂಪನಕಟ್ಟೆ ಸುತ್ತಮುತ್ತಲ ಬಟ್ಟೆ ಅಂಗಡಿಗಳಲ್ಲಿ, ರಥಬೀದಿಯಲ್ಲಿ ಕೇಳಿ. ಉಡುಪಿಯವರಿಗೂ ರಥಬೀದಿಯ ಕಡೆ ಸಿಗುತ್ತದೆ. ಖಾಕಿ ಡ್ರಿಲ್ ಸಿಕ್ಕಿದರೆ ಇನ್ನೂ ಖುಷಿ. ಖಾಕಿಗೂ ಮಂಗಳೂರಿಗೂ ಹಳೆಯ ನಂಟಿದೆ. ಇಲ್ಲಿನ ಬಲ್ಮಠದಲ್ಲಿದ್ದ, ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ನೇಯ್ಗೆ ಕಾರ್ಖಾನೆಯಲ್ಲಿ 19ನೇ ಶತಮಾನದಲ್ಲಿ ಜಾನ್ ಹಾಲರ್ ಎಂಬ ಜರ್ಮನ್ ನೇಕಾರ ಖಾಕಿ ಬಣ್ಣ ತಯಾರಿಸಿ ಬಟ್ಟೆಗೆ ಹಾಕುತ್ತಿದ್ದ. ಧೂಳು, ಕಲೆ ಕಾಣದಿರಲಿ ಎಂದು ಬಂದ ಬಣ್ಣ ಅದು. ಇಸ್ತ್ರಿ ಬೋರ್ಡಿಗೂ ಅದೇ ಗುಣ ಒದಗುತ್ತದೆ.

ಡ್ರಿಲ್ ಸಿಗದಿದ್ದರೆ ಕೋರಾ ಬಟ್ಟೆ, ಕ್ಯಾನ್ವಾಸ್, ಕೈಮಗ್ಗದ ದಪ್ಪ ಬೆಡ್‌ಶೀಟ್ ಯಾವುದೂ ಆದೀತು. ಕ್ಯಾನ್ವಾಸ್ ತೀರ ದಪ್ಪದ್ದು ಬೇಡ. ಬೋರ್ಡಿನ ಮೂತಿಯ, ಅಂದರೆ ಕಿರಿದಾದ ತುದಿಯ, ತಿರುವಿನಲ್ಲಿ ಮಡಚಲು ಕಷ್ಟ. ಮನೆಯಲ್ಲಿರುವ ಹಳೆಯ ಬೆಡ್‌ಶೀಟ್ ಬಳಸುವುದಾದರೆ ಬೆಳಕಿಗೆ ಹಿಡಿದು ನೋಡಿ. ನಡುಭಾಗ ತೆಳ್ಳಗಾಗಿರುತ್ತದೆ, ಅಂಚಿನ ಕಡೆಯ ಬಟ್ಟೆ ಗಟ್ಟಿ ಇರುತ್ತದೆ, ಅಲ್ಲಿಂದ ಕತ್ತರಿಸಿ. ಚೌಕಳಿ ಅಥವಾ ಗೆರೆಯ ಬಟ್ಟೆಯಾದರೆ ಇನ್ನೊಂದು ಲಾಭ ಇದೆ. ಪ್ಯಾಂಟಿನ ಗೆರೆ, ಮುಂಡಿನ ಅಂಚು ನೇರ ಇಡಲು ಆ ಗೆರೆಗಳೇ ದಾರಿ ತೋರಿಸುತ್ತವೆ.

ಬಣ್ಣ ಬಿಡುತ್ತದೆಯೇ ಎಂದು ನೋಡಲೇಬೇಕು. ಬಿಳಿ ಕರವಸ್ತ್ರ ಒದ್ದೆ ಮಾಡಿ ಆ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ಹಿಡಿಯಿರಿ. ಕರವಸ್ತ್ರದ ಅಡಿಭಾಗಕ್ಕೆ ಬಣ್ಣ ತಾಗಿದರೆ ಆ ಬಟ್ಟೆ ಗವಸಿಗಲ್ಲ. ನಮ್ಮ ಕಡೆ ಬಿಳಿ ಮುಂಡು, ಬಿಳಿ ಅಂಗಿ ಇಲ್ಲದ ಮನೆ ಯಾವುದು?

ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ಬಟ್ಟೆಯ ಬಗ್ಗೆ ಒಂದು ಮಾತು. ಅದು ಬಿಸಿಯನ್ನು ಮೇಲಕ್ಕೆ ತಿರುಗಿಸುತ್ತದೆ, ಇಸ್ತ್ರಿ ಬೇಗ ಆಗುತ್ತದೆ, ಅದು ನಿಜ. ಒಣ ಊರಿಗೆ ಸರಿ ಹೋಗಬಹುದು. ಇಲ್ಲಿ ಒದ್ದೆ ಬಟ್ಟೆ ಇಟ್ಟರೆ ಆವಿಗೆ ಕೆಳಗೆ ಹೋಗಲು ದಾರಿ ಸಿಗುವುದಿಲ್ಲ. ಮತ್ತೆ ಬಟ್ಟೆಗೇ ಬಂದು ಸೇರುತ್ತದೆ. ಹಾಳೆ ಬಿರುಕು ಬಿಟ್ಟ ಮೇಲೆ ಒಳಗೆ ಹೊಕ್ಕ ನೀರು ಹೊರಗೆ ಬರುವುದೂ ಇಲ್ಲ. ನಾನು ಇನ್ನು ಅದನ್ನು ಕೊಳ್ಳುವುದಿಲ್ಲ.

ಎಷ್ಟು ಬೇಕು

ಬೋರ್ಡ್ 120 ಸೆಂಟಿಮೀಟರ್ ಉದ್ದ, 38 ಸೆಂಟಿಮೀಟರ್ ಅಗಲ ಇದೆ ಎಂದುಕೊಳ್ಳಿ. ಸುತ್ತಲೂ 9 ಸೆಂಟಿಮೀಟರ್ ಹೆಚ್ಚು ಬೇಕು. ಬೋರ್ಡಿನ ದಪ್ಪಕ್ಕೆ 2, ಅಡಿಗೆ ಹೋಗಲು 4, ಲಾಡಿ ತೂರಿಸುವ ಮಡಿಕೆಗೆ 3. ಅಲ್ಲಿಗೆ 138 ಉದ್ದ, 56 ಅಗಲ. ಒಂದೂವರೆ ಮೀಟರ್ ಬಟ್ಟೆ ಕೊಂಡರೆ ಒಗೆದಾಗ ಕುಗ್ಗುವುದಕ್ಕೂ ಸೇರಿ ಸಾಕಾಗುತ್ತದೆ. 58 ಇಂಚು ಪನ್ನದ (ಅಗಲದ) ಬಟ್ಟೆ ಸಿಕ್ಕಿದರೆ ಅದೇ ಒಂದೂವರೆ ಮೀಟರಿನಲ್ಲಿ ಎರಡು ಗವಸು ಆಗುತ್ತದೆ. ಎರಡು ಇದ್ದರೆ ಎಷ್ಟು ಅನುಕೂಲ ಎಂದು ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಇನ್ನು ಬೇಕಾದದ್ದು 4 ಮೀಟರಿನಷ್ಟು ಲಾಡಿ, ನೂಲು, ಸೀಮೆಸುಣ್ಣ, ಗುಂಡುಸೂಜಿ, ಒಂದು ಸೇಫ್ಟಿ ಪಿನ್. ಲಾಡಿ ನೈಲಾನಿನದ್ದೇ ಇರಲಿ. ಅಡಿಭಾಗದಲ್ಲಿ ಬಿಸಿ ತಾಗುವುದಿಲ್ಲ. ಲಂಗದ ಹತ್ತಿ ಲಾಡಿ ತೇವ ಕುಡಿದು ಬೂಸ್ಟು ಹಿಡಿಯುತ್ತದೆ, ಎಳೆಯುವಾಗ ಜಾರುವುದೂ ಇಲ್ಲ. ಇಲಾಸ್ಟಿಕ್ ಹಾಕಿದರೆ ಹೊಲಿಗೆ ಸುಲಭ, ಆದರೆ ನಮ್ಮ ಹವೆಗೆ ಬೇಗ ಬಿಗಿ ಕಳೆದುಕೊಳ್ಳುತ್ತದೆ. ಲಾಡಿ ಸಡಿಲವಾದರೆ ಇನ್ನೊಮ್ಮೆ ಎಳೆದು ಕಟ್ಟಬಹುದು. “ಹರಿಯುವ ತನಕ ಲಾಡಿ ಕೈ ಬಿಡುವುದಿಲ್ಲ ಮಗಾ” ಎಂದು ಉಡುಪಿಯಲ್ಲಿರುವ ಅಮ್ಮ ಫೋನಿನಲ್ಲಿ ಹೇಳಿದ್ದರು. ಅವರ ಬೋರ್ಡಿನ ಗವಸಿಗೆ ಒಂದೇ ಲಾಡಿ ಹತ್ತು ವರ್ಷದಿಂದ ಇದೆ, ಗವಸು ಮಾತ್ರ ಬದಲಾಗುತ್ತಾ ಬಂದಿದೆ.

ಒಗೆಯದೆ ಕತ್ತರಿ ಹಾಕಬೇಡಿ

ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ನೂರಕ್ಕೆ ಐದು ಭಾಗ ಕುಗ್ಗಿದರೂ 138 ಸೆಂಟಿಮೀಟರಿನಲ್ಲಿ ಸುಮಾರು 7 ಸೆಂಟಿಮೀಟರ್ ಹೋಯಿತು. ನನ್ನ ಮೊದಲ ಗವಸು ಹೀಗೇ ವ್ಯರ್ಥವಾಯಿತು. ಹೊಲಿದಾಗ ಚೆನ್ನಾಗಿ ಕೂತಿತ್ತು. ಒಗೆದ ಮೇಲೆ ಮೂತಿಗೆ ಏರಲೇ ಇಲ್ಲ. ತುಂಬ ಬೇಜಾರಾಯಿತು, ಯಾಕೆಂದರೆ ಅದು ಇಷ್ಟಪಟ್ಟು ತಂದ ಬಟ್ಟೆ.

ಆದ್ದರಿಂದ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ. ಮರುದಿನ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಒಣ ಹಾಕಿ. ಡ್ರಿಲ್, ಕ್ಯಾನ್ವಾಸಿಗೆ ಮಿಲ್ಲಿನ ಗಂಜಿ ಜಾಸ್ತಿ ಇರುತ್ತದೆ, ಎರಡು ಸಲ ಒಗೆಯಿರಿ. ಗಂಜಿ ಉಳಿದರೆ ಬಿಸಿಗೆ ಕಂದಾಗುತ್ತದೆ, ಬೂಸ್ಟಿಗೂ ಜಿರಳೆಗೂ ಅದು ಊಟ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ ಸಮ ಮಾಡಿಕೊಳ್ಳಿ.

ಕಾಗದದ ಅಚ್ಚು

ಹಳೆಯ ಗವಸನ್ನು ನೋಡಿ ಕತ್ತರಿಸಬೇಡಿ, ಅದು ಎಳೆದು ಎಳೆದು ಆಕಾರ ಕೆಟ್ಟಿರುತ್ತದೆ. ಉದಯವಾಣಿಯ ನಾಲ್ಕು ಹಾಳೆ ಅಂಟಿಸಿ ನೆಲದ ಮೇಲೆ ಹಾಸಿ. ಕಾಲು ಮಡಚಿದ ಬೋರ್ಡನ್ನು ಅದರ ಮೇಲೆ ಮಗುಚಿ ಇಟ್ಟು ಸುತ್ತಲೂ ಪೆನ್ನಿನಿಂದ ಗೆರೆ ಎಳೆಯಿರಿ. ಪೆನ್ನು ನೇರ ನಿಲ್ಲಲಿ. ಓರೆಯಾದರೆ ಗೆರೆ ಒಳಗೆ ಸರಿಯುತ್ತದೆ.

ಕತ್ತರಿಸಿದ ಕಾಗದವನ್ನು ಉದ್ದಕ್ಕೆ ಎರಡಾಗಿ ಮಡಚಿ. ಎರಡು ಕಡೆ ಹೊಂದಿದರೆ ಸರಿ. ಒಂದು ಕಡೆ ಸ್ವಲ್ಪ ಹೆಚ್ಚಿದ್ದರೆ ಹೆಚ್ಚಿದ್ದ ಕಡೆಯ ಗೆರೆಯನ್ನೇ ಇಟ್ಟುಕೊಳ್ಳಿ. ಈ ಕಾಗದ ಬಿಸಾಡಬೇಡಿ. ಒಳಹಾಸಿಗೆ ಇದೇ ಅಳತೆ ಬೇಕು.

ಬಟ್ಟೆಯ ಒಳಮೈ ಮೇಲೆ ಬರುವ ಹಾಗೆ ಹಾಸಿ. ಬಟ್ಟೆಯ ನೇಯ್ದ ಅಂಚಿಗೆ ಸಮಾನಾಂತರವಾಗಿ ಬೋರ್ಡಿನ ಉದ್ದ ಇರಬೇಕು. ಹಾಸು ನೂಲು ಉದ್ದಕ್ಕೆ ಬಂದರೆ ಇಸ್ತ್ರಿ ಎಳೆದಾಗ ಬಟ್ಟೆ ಜಗ್ಗುವುದಿಲ್ಲ. ಅಚ್ಚು ಇಟ್ಟು ಗುಂಡುಸೂಜಿ ಚುಚ್ಚಿ. ಅಚ್ಚಿನ ಅಂಚಿನಿಂದ ಹೊರಕ್ಕೆ 9 ಸೆಂಟಿಮೀಟರ್ ಅಳೆದು ಒಂದೊಂದು ಗೇಣಿಗೆ ಒಂದು ಗುರುತು ಹಾಕಿ. ಮೂತಿಯ ತಿರುವಿನಲ್ಲಿ ಗುರುತು ಹತ್ತಿರ ಹತ್ತಿರ ಇರಲಿ. ಎಲ್ಲ ಸೇರಿಸಿ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಿ. ಪತ್ರಿಕೆಯ ಮಸಿ ಬಟ್ಟೆಗೆ ತಾಗುತ್ತದೆ, ಕೈ ಒಣಗಿರಲಿ, ಉಜ್ಜಬೇಡಿ.

ಹೊಲಿಗೆ

ಮೆಷಿನ್ ಯಾವುದಾದರೂ ಆದೀತು. ನನ್ನದು ಕಾಲಲ್ಲಿ ತುಳಿಯುವ, ಅಮ್ಮನ ಹಳೆಯ ಉಷಾ ಮೆಷಿನ್. ಡ್ರಿಲ್ಲಿಗೆ 16 ನಂಬರಿನ ಸೂಜಿ, ಬೆಡ್‌ಶೀಟಿಗೆ 14. ಹೊಲಿಗೆಯ ಉದ್ದ 3 ಮಿಲಿಮೀಟರ್ ಇರಲಿ. ಹೊಲಿಗೆಯೆಲ್ಲ ಬೋರ್ಡಿನ ಅಡಿಗೆ ಹೋಗುವುದರಿಂದ ಮಾಮೂಲಿ ನೂಲು ಸಾಕು, ಇಸ್ತ್ರಿಯ ಬಿಸಿ ಅದಕ್ಕೆ ತಾಗುವುದಿಲ್ಲ.

ಈ ಕೆಲಸದಲ್ಲಿ ಕಷ್ಟದ ಜಾಗ ಒಂದೇ, ಮೂತಿಯ ತಿರುವು. ನೇರ ಬದಿಯಲ್ಲಿ ಅಂಚು ಮಡಚಿದರೆ ಸುಮ್ನೆ ಕೂರುತ್ತದೆ. ಹೊರಕ್ಕೆ ಬಾಗಿದ ಅಂಚನ್ನು ಒಳಕ್ಕೆ ಮಡಚಿದಾಗ ಹೊರಗಿನ ಸುತ್ತಳತೆ ಹೆಚ್ಚು, ಒಳಗಿನದ್ದು ಕಡಿಮೆ. ಹೆಚ್ಚಾದ ಬಟ್ಟೆ ಎಲ್ಲಿ ಹೋಗಬೇಕು? ನೆರಿಗೆಯಾಗಿ ಗಂಟು ಕಟ್ಟುತ್ತದೆ, ಲಾಡಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕಂಕನಾಡಿಯ ಒಬ್ಬರು ಹಿರಿಯ ಟೈಲರ್ ಹತ್ತಿರ ಕೇಳಿದೆ. “ಅಕ್ಕಾ, ಮಡಚುವ ಮೊದಲು ತಿರುವಿಗೆ ಒಂದು ಕಚ್ಚಾ ಹೊಲಿಗೆ ಹಾಕಿ, ನೂಲು ಎಳೆಯಿರಿ. ಬಟ್ಟೆ ತಾನಾಗಿ ಒಳಗೆ ಬಗ್ಗುತ್ತದೆ” ಎಂದರು. ಅಷ್ಟೇ ಗುಟ್ಟು.

ಮೆಷಿನ್ನಿನ ಹೊಲಿಗೆಯನ್ನು ಅದರ ಅತಿ ಉದ್ದಕ್ಕೆ ತಿರುಗಿಸಿ. ಮೂತಿಯ ತಿರುವು ಶುರುವಾಗುವಲ್ಲಿಂದ ಮುಗಿಯುವ ತನಕ ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಒಂದು ಸಾಲು ಹಾಕಿ. ಎರಡು ತುದಿಯಲ್ಲೂ ಹಿಂದೆ ಮುಂದೆ ಹೊಲಿದು ಬಿಗಿ ಮಾಡಬಾರದು, ನೂಲು ಉದ್ದ ಬಿಟ್ಟಿರಬೇಕು. ಈಗ ಅಡಿಯ ನೂಲನ್ನು ಮೆಲ್ಲಗೆ ಎಳೆಯಿರಿ. ಬಟ್ಟೆಯ ಅಂಚು ಬಟ್ಟಲಿನ ಅಂಚಿನ ಹಾಗೆ ಒಳಕ್ಕೆ ಬಗ್ಗುತ್ತದೆ. ಅಗಲದ ತುದಿಯ ಎರಡು ಮೂಲೆಗೂ ಹೀಗೇ ಮಾಡಿ.

ನಂತರ ಸುತ್ತಲೂ 1 ಸೆಂಟಿಮೀಟರ್ ಮಡಚಿ ಇಸ್ತ್ರಿ ಒತ್ತಿ. ಅದರ ಮೇಲೆ ಇನ್ನೊಂದು ಮಡಿಕೆ, 2 ಸೆಂಟಿಮೀಟರ್. ಗುಂಡುಸೂಜಿ ಚುಚ್ಚುತ್ತಾ ಹೋಗಿ. ತಿರುವಿನಲ್ಲಿ ಉಳಿದ ಸಣ್ಣ ನೆರಿಗೆಗಳನ್ನು ಬೆರಳಿನಿಂದ ಹಂಚಿ. ಒಂದೇ ಕಡೆ ದೊಡ್ಡದಾಗುವುದಕ್ಕಿಂತ ಹತ್ತು ಸಣ್ಣವು ಇರುವುದು ಒಳ್ಳೆಯದು.

ಅಗಲದ ತುದಿಯ ನಟ್ಟನಡುವಿನಿಂದ ಹೊಲಿಗೆ ಶುರು ಮಾಡಿ. ಒಳಮಡಿಕೆಯ ಅಂಚಿಗೆ ತಾಗಿಕೊಂಡೇ, 2 ಮಿಲಿಮೀಟರ್ ಒಳಗೆ ಹೊಲಿಯುತ್ತಾ ಪೂರ್ತಿ ಸುತ್ತು ಬನ್ನಿ. ಶುರು ಮಾಡಿದ ಜಾಗಕ್ಕೆ 4 ಸೆಂಟಿಮೀಟರ್ ಇರುವಾಗ ನಿಲ್ಲಿಸಿ. ಅದು ಲಾಡಿಯ ಬಾಯಿ. ಬಾಯಿಯ ಎರಡೂ ಬದಿಗೆ ಮೂರು ನಾಲ್ಕು ಸಲ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿ. ಲಾಡಿ ಎಳೆಯುವಾಗ ಮೊದಲು ಹರಿಯುವುದು ಅಲ್ಲೇ.

ಕ್ಯಾನ್ವಾಸಿನಂಥ ದಪ್ಪ ಬಟ್ಟೆ ಹೀಗೆ ಎರಡು ಮಡಿಕೆಗೆ ಬಗ್ಗುವುದಿಲ್ಲ. ಅದಕ್ಕೆ ಕ್ರಾಸ್ ಪಟ್ಟಿ ಇಡಿ. ತೆಳು ಹತ್ತಿ ಬಟ್ಟೆಯನ್ನು ಓರೆಯಾಗಿ 5 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಜೋಡಿಸಿಕೊಳ್ಳಿ. ಅಮ್ಮನ ಹಳೆಯ ಕೈಮಗ್ಗದ ಸೀರೆ ಇದ್ದರೆ ಬಹಳ ಚೆನ್ನಾಗಿ ಬರುತ್ತದೆ, ತೆಳ್ಳಗಿದ್ದರೂ ಗಟ್ಟಿ. ಪಟ್ಟಿಯ ಹೊರಮೈ, ಗವಸಿನ ಹೊರಮೈ ಎದುರುಬದುರು ಇಟ್ಟು ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಹೊಲಿಯಿರಿ. ಪಟ್ಟಿಯನ್ನು ಒಳಕ್ಕೆ ತಿರುಗಿಸಿ, ಅದರ ಇನ್ನೊಂದು ಅಂಚು ಮಡಚಿ ಮತ್ತೆ ಹೊಲಿಯಿರಿ. ನಡುವೆ ಲಾಡಿಗೆ ದಾರಿ ಆಗುತ್ತದೆ. ಹೀಗೆ ಮಾಡುವುದಾದರೆ ಕತ್ತರಿಸುವಾಗ 9 ಸೆಂಟಿಮೀಟರ್ ಬದಲು 7 ಬಿಟ್ಟರೆ ಸಾಕು.

ಲಾಡಿಯ ತುದಿಗೆ ಸೇಫ್ಟಿ ಪಿನ್ ಚುಚ್ಚಿ ಬಾಯಿಯಿಂದ ತೂರಿಸಿ. ಇನ್ನೊಂದು ತುದಿಯನ್ನು ಬಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿಡಿ, ಇಲ್ಲದಿದ್ದರೆ ಅದೂ ಒಳಗೆ ಹೋಗಿಬಿಡುತ್ತದೆ. ಲಾಡಿಯ ಅಳತೆ ತೆಗೆಯುವಾಗ ಬೋರ್ಡಿನ ಸುತ್ತಳತೆ ನೋಡಬೇಡಿ, ಹೊಲಿದ ಗವಸಿನ ಸುತ್ತಳತೆ ನೋಡಿ. ಗವಸು ಬೋರ್ಡಿಗಿಂತ ದೊಡ್ಡದು, ಎಳೆಯುವ ಮೊದಲು ಲಾಡಿ ಪೂರ್ತಿ ಸುತ್ತಿಗೂ ಸಾಲಬೇಕು. ನೈಲಾನ್ ಲಾಡಿಯ ತುದಿಗಳನ್ನು ಮೇಣದ ಬತ್ತಿಗೆ ಹಿಡಿದು ಕರಗಿಸಿದರೆ ನೂಲು ಬಿಚ್ಚುವುದಿಲ್ಲ.

ಒಳಹಾಸು

ನನ್ನ ಮಟ್ಟಿಗೆ ಗವಸಿಗಿಂತ ಮುಖ್ಯ ಇದು. ಒಳಹಾಸು ಸರಿ ಇಲ್ಲದಿದ್ದರೆ ಜಾಲರಿಯ ಅಚ್ಚು ಅಂಗಿಯ ಮೇಲೆ ಬೀಳುತ್ತದೆ, ಗುಂಡಿಯ ಹತ್ತಿರ ಬಟ್ಟೆ ಸುಕ್ಕಾಗಿಯೇ ಉಳಿಯುತ್ತದೆ.

ಸ್ಪಂಜು ಬೇಡ. ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಗೆ ಪುಡಿಯಾಗುತ್ತದೆ. ಇಸ್ತ್ರಿ ಅಂಗಡಿಯಲ್ಲಿ ನೋಡಿದ್ದೀರಲ್ವಾ? ಮೇಜಿನ ಮೇಲೆ ಮಡಚಿದ ಕಂಬಳಿ, ಅದರ ಮೇಲೆ ಒಂದು ಹತ್ತಿ ಬಟ್ಟೆ. ದಿನವಿಡೀ ಇಸ್ತ್ರಿ ಮಾಡುವವರು ಕಂಡುಕೊಂಡ ದಾರಿ ಅದು. ನನ್ನ ಅಜ್ಜಿ ಗೆರಟೆಯ (ತೆಂಗಿನ ಚಿಪ್ಪಿನ) ಕೆಂಡ ತುಂಬಿದ ಹಿತ್ತಾಳೆಯ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದರು, ಕೆಳಗೆ ಹಾಸುತ್ತಿದ್ದದ್ದು ಹೀಗೇ ಒಂದು ಹಳೆಯ ಕಂಬಳಿ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ತೇವವನ್ನು ಕುಡಿದು ಮತ್ತೆ ಬಿಟ್ಟುಕೊಡುತ್ತದೆ. ಉಣ್ಣೆ ಕಂಬಳಿ ಸಿಕ್ಕರೆ ಎರಡು ಪದರ. ಸಿಗದಿದ್ದರೆ ಹಳೆಯ ಹತ್ತಿ ಹೊದಿಕೆ ಎರಡು ಪದರ, ಅಥವಾ ದಪ್ಪ ಬೈರಾಸು (ಟವೆಲ್) ಮೂರು ಪದರ. ಈಗ ಬರುವ ಮೆತ್ತಗಿನ ಬ್ಲ್ಯಾಂಕೆಟ್ಟುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್, ಅವು ಬೇಡ. ನೂಲು ಸುಟ್ಟು ನೋಡುವ ಪರೀಕ್ಷೆ ಇದಕ್ಕೂ ಮಾಡಿ.

ಒಟ್ಟು ದಪ್ಪ 6ರಿಂದ 8 ಮಿಲಿಮೀಟರ್ ಇರಲಿ. ಅದಕ್ಕಿಂತ ದಪ್ಪವಾದರೆ ಪ್ಯಾಂಟಿನ ಗೆರೆ ಚೂಪಾಗಿ ಬರುವುದಿಲ್ಲ. ಕಾಗದದ ಅಚ್ಚಿನ ಅಳತೆಗೇ ಸರಿಯಾಗಿ ಕತ್ತರಿಸಿ, ಹೆಚ್ಚು ಬಿಡಬೇಡಿ. ಪದರಗಳನ್ನು ಸೇರಿಸಿ ಕೈಯಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ, ನಾಲ್ಕು ಮೂಲೆಗೆ ಒಂದೊಂದು ದಾರ ಬಿಟ್ಟು ಜಾಲರಿಗೆ ಕಟ್ಟಿ. ಗವಸಿಗೆ ಸೇರಿಸಿ ಹೊಲಿಯಬಾರದು. ಬೇರೆ ಬೇರೆ ಇದ್ದರೆ ಎರಡೂ ಬೇಗ ಒಣಗುತ್ತವೆ.

ಗವಸು ಏರಿಸುವುದು

ಒಬ್ಬರೇ ಮಾಡುವುದಾದರೆ ಮಂಚದ ಮೇಲೆ ಮಾಡಿ. ಗವಸನ್ನು ಕವುಚಿ ಹಾಸಿ, ಒಳಹಾಸು ಕಟ್ಟಿದ ಬೋರ್ಡನ್ನು ಅದರ ಮೇಲೆ ಮಗುಚಿ ಇಡಿ. ಮೊದಲು ಮೂತಿಗೆ ಗವಸು ಕೂರಿಸಿ. ಆಮೇಲೆ ಲಾಡಿಯ ಎರಡೂ ತುದಿ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ನೆರಿಗೆಗಳನ್ನು ಸುತ್ತಲೂ ಸರಿಸಿ. ಒಮ್ಮೆ ತಿರುಗಿಸಿ ಮೇಲ್ಭಾಗ ನೋಡಿ. ಚೌಕಳಿ ಗೆರೆ ಓರೆಯಾಗಿದ್ದರೆ ಈಗಲೇ ಸರಿಮಾಡಬೇಕು. ಮತ್ತೆ ಮಗುಚಿ ಬಿಗಿಯಾಗಿ ಎಳೆದು ಜಾರುಗಂಟು ಹಾಕಿ. ಹಳೆಯ ರೈನ್‌ಕೋಟಿನ ಟೊಪ್ಪಿಯಲ್ಲಿ ಸ್ಪ್ರಿಂಗ್ ಇರುವ ಸಣ್ಣ ಪ್ಲಾಸ್ಟಿಕ್ ಬಿಗಿ ಇರುತ್ತದೆ, ಅದನ್ನು ಲಾಡಿಗೆ ಹಾಕಿದರೆ ಗಂಟಿನ ಕೆಲಸವೇ ಇಲ್ಲ.

ಇಸ್ತ್ರಿ ಪೆಟ್ಟಿಗೆ ಇಡುವ ಸ್ಟ್ಯಾಂಡ್ ಅಗಲದ ತುದಿಗೆ ಸ್ಕ್ರೂ ಹಾಕಿದ್ದರೆ, ಸ್ಕ್ರೂ ಬಿಚ್ಚಿ ಗವಸು ಏರಿಸಿ ಮತ್ತೆ ಹಾಕಿ. ಬಿಚ್ಚಲು ಬಾರದ ಬೋರ್ಡಾದರೆ ಆ ಎರಡು ಸರಳು ಬರುವಲ್ಲಿ ಗವಸಿನ ಅಂಚಿಗೆ ಸೀಳು ಕೊಟ್ಟು ಪಟ್ಟಿ ಹೊಲಿಯಬೇಕು, ಲಾಡಿ ಅಲ್ಲಿ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತದೆ. ಅಡಿಯಲ್ಲಿ ಕಾಲು ಮಡಚುವ ಹಿಡಿಕೆಗೆ ಲಾಡಿಯ ತುದಿ ಸಿಕ್ಕದ ಹಾಗೆ ಜಾಲರಿಯೊಳಗೆ ತುರುಕಿಡಿ.

ಕೊನೆಗೆ ಗವಸಿಗೆ ತೆಳ್ಳಗೆ ನೀರು ಚಿಮುಕಿಸಿ, ಮೂರು ಚುಕ್ಕಿಯ ಬಿಸಿಯಲ್ಲಿ ಮೂತಿಯಿಂದ ಅಗಲದ ಕಡೆಗೆ ಒಮ್ಮೆ ಇಸ್ತ್ರಿ ಮಾಡಿ. ಲಾಡಿ ಇನ್ನೊಮ್ಮೆ ಬಿಗಿ ಮಾಡಿ.

ಮಳೆಗಾಲದ ಆರೈಕೆ

ಇಸ್ತ್ರಿ ಮುಗಿದ ಕೂಡಲೇ ಬೋರ್ಡ್ ಮಡಚಿ ಕಪಾಟಿನ ಹಿಂದೆ ತೂರಿಸಬೇಡಿ ಮಾರಾಯ್ರೆ. ಒಳಹಾಸಿನಲ್ಲಿ ಇನ್ನೂ ಆವಿ ಇರುತ್ತದೆ. ಫ್ಯಾನಿನ ಕೆಳಗೆ ಒಂದು ಗಂಟೆ ಹಾಗೇ ನಿಂತಿರಲಿ. ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತು) ಹದಿನೈದು ದಿನಕ್ಕೊಮ್ಮೆ ಗವಸು ಬಿಚ್ಚಿ ಒಗೆದು ಇನ್ನೊಂದು ಏರಿಸಿ. ಒಂದು ದಿನ ಬಿಸಿಲು ಇಣುಕಿದರೆ ಒಳಹಾಸನ್ನು ಹೊರಗೆ ಹಾಕಿ. ಮುಂಡಿಗೆ ಗಂಜಿ ತಿಳಿ ಹಾಕಿ ಇಸ್ತ್ರಿ ಮಾಡುವ ದಿನ ಗವಸಿನ ಮೇಲೆ ಒಂದು ಹಳೆಯ ಬಟ್ಟೆ ಹಾಸಿಕೊಳ್ಳಿ. ಗಂಜಿ ಅದಕ್ಕೇ ಅಂಟುತ್ತದೆ.

ಒದ್ದೆ ಬಟ್ಟೆ, ಕಬ್ಬಿಣದ ಬೋರ್ಡ್, ಕರೆಂಟು ಮೂರೂ ಒಟ್ಟಿಗಿರುವ ಕೆಲಸ ಇದು. ಮೂರು ಪಿನ್ನಿನ ಪ್ಲಗ್ಗೇ ಇರಬೇಕು, ಅರ್ತಿಂಗ್ ಸರಿ ಇರಬೇಕು, ಕಾಲಿಗೆ ಚಪ್ಪಲಿ ಇರಬೇಕು. ವೈರಿನ ಸುತ್ತಿನ ಬಟ್ಟೆ ಹರಿದಿದ್ದರೆ ಮೊದಲು ಅದನ್ನು ಬದಲಾಯಿಸಿ.

ಬಟ್ಟೆ ಉಳಿದಿದ್ದರೆ ಅಂಗೈಯ ನಾಲ್ಕು ಪಟ್ಟು ದೊಡ್ಡ ಒಂದು ತುಂಡು ತೆಗೆದಿಡಿ. ರೇಷ್ಮೆ ಸೀರೆ, ಜರಿಯ ಅಂಚು ಇಸ್ತ್ರಿ ಮಾಡುವಾಗ ಮೇಲೆ ಇಡಲು ಬೇಕಾಗುತ್ತದೆ. ಅದರ ಅಂಚು ಮಡಚಿ ಹೊಲಿಯಬೇಡಿ, ಮಡಿಕೆಯ ಗುರುತು ರೇಷ್ಮೆಯ ಮೇಲೆ ಬೀಳುತ್ತದೆ. ನೂಲು ಬಿಚ್ಚದಿರಲು ಅಂಚಿನಿಂದ ಸ್ವಲ್ಪ ಒಳಗೆ ಒಂದೇ ಸಾಲು ಹೊಲಿಗೆ ಹಾಕಿದರೆ ಸಾಕು.